ರಾಜಕಾಲುವೆಗೆ ಬಿದ್ದ ಕಸ ಯಾರದ್ದು? ಕಾರ್ಪೊರೇಷನ್‌ದೇ, ಯಾಕೆ ಅಂತ ಹೇಳ್ತೀನಿ

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟ್ ಬೆಂಗಳೂರಲ್ಲಿ ಒಂದು ರಾಜಕಾಲುವೆ ಪಕ್ಕದಲ್ಲೇ ಇದೆ. ಒಂದು ಜೋರು ಮಳೆ ಬಂದ್ರೆ ಸಾಕು, ಪ್ಲಾಸ್ಟಿಕ್ ಕವರು, ನೀರಿನ ಬಾಟ್ಲು, ಥರ್ಮಾಕೋಲು ಎಲ್ಲಾ ತೇಲಿಕೊಂಡು ಬಂದು ಸೇತುವೆ ಕೆಳಗೆ ಗುಡ್ಡೆ ಬೀಳುತ್ತೆ. ಕಂಪ್ಲೇಂಟ್ ಕೊಟ್ರೆ ಕಾಲುವೆ ನೋಡ್ಕೊಳ್ಳೋ ಇಂಜಿನಿಯರ್ 'ಕಸ ನಮ್ಮದಲ್ಲ, ಕಸದವರಿಗೆ ಹೇಳಿ' ಅಂತಾರೆ, ಕಸದವರು 'ಕಾಲುವೆ ಒಳಗೆ ಬಿದ್ದಿದ್ದು ನಮ್ಮದಲ್ಲ' ಅಂತಾರೆ, ಕೊನೆಗೆ ಇಬ್ರೂ 'ಜನ ಎಸೆದ್ರೆ ನಾವೇನ್ ಮಾಡೋಣ' ಅಂತಾರೆ. ಕಾನೂನು ಪ್ರಕಾರ ಇದು ಯಾರ ಜವಾಬ್ದಾರಿ? ನಾವೇ ದುಡ್ಡು ಹಾಕಿ ಕಾಲುವೆಗೆ ಅಡ್ಡಡ್ಡ ಒಂದು ಬಲೆ ಕಟ್ಟಿಸಬಹುದಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡ್ತೀನಿ. ಜವಾಬ್ದಾರಿ ಕಾರ್ಪೊರೇಷನ್‌ದು, ಅದರಲ್ಲಿ ಎರಡು ಮಾತಿಲ್ಲ. ಬಲೆ ಮಾತ್ರ ದಯವಿಟ್ಟು ಕಟ್ಟಿಸಬೇಡಿ, ಅದರ ಕಾರಣ ಕೆಳಗೆ ವಿವರವಾಗಿ ಬರೀತೀನಿ.

'ಕಾಲುವೆಯವರು', 'ಕಸದವರು' ಅಂತ ನಿಮಗೆ ಇಬ್ಬರನ್ನ ತೋರಿಸ್ತಾರಲ್ಲ, ಅದು ಅವರ ಆಫೀಸಿನ ಒಳಗಿನ ಹಂಚಿಕೆ ಅಷ್ಟೆ. ನಾಗರಿಕರಾದ ನಮಗೂ ಅದಕ್ಕೂ ಸಂಬಂಧ ಇಲ್ಲ. 74ನೇ ತಿದ್ದುಪಡಿ ಬಂದ ಮೇಲೆ ಸಂವಿಧಾನದ 243ಡಬ್ಲ್ಯು ವಿಧಿ ಮತ್ತೆ 12ನೇ ಅನುಸೂಚಿಲಿ ನಗರಸಭೆಗಳ ಕೆಲಸದ ಪಟ್ಟಿ ಇದೆ, ಅದರಲ್ಲಿ ಆರನೇದು ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಘನತ್ಯಾಜ್ಯ ನಿರ್ವಹಣೆ, ಎಲ್ಲಾ ಒಂದೇ ಸಾಲಲ್ಲಿ. ಕಸ ಎತ್ತೋ ಕೆಲಸಕ್ಕೆ ಬೇರೆ ಕಂಪನಿ ಮಾಡ್ಕೊಂಡ್ರೂ, ಹೂಳೆತ್ತೋದನ್ನ ಕಂಟ್ರಾಕ್ಟರ್‌ಗೆ ಕೊಟ್ರೂ, ಹೊಣೆ ನಗರಾಡಳಿತದ ತಲೆ ಮೇಲಿಂದ ಇಳಿಯಲ್ಲ. ಘನತ್ಯಾಜ್ಯ ನಿರ್ವಹಣೆ ನಿಯಮದಲ್ಲೂ ಇದೇ ಇರೋದು, ಒಂದು ಕಡೆ ಜನ ಕಸನ ರಸ್ತೆಗೆ, ಚರಂಡಿಗೆ, ಕೆರೆಕಟ್ಟೆಗೆ ಹಾಕಬಾರದು ಅಂತ, ಇನ್ನೊಂದು ಕಡೆ ಮನೆಮನೆಯಿಂದ ಸಂಗ್ರಹಿಸೋದು, ಬೀದಿ ಗುಡಿಸೋದು, ಸಾಗಿಸೋದು ಸ್ಥಳೀಯ ಸಂಸ್ಥೆ ಕೆಲಸ ಅಂತ. ಈ ನಿಯಮಗಳ ಬೇರು ಇರೋದೂ ಬೆಂಗಳೂರಲ್ಲೇ. ಇಲ್ಲಿನ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿದ್ದರಿಂದಲೇ 2000ದಲ್ಲಿ ದೇಶಕ್ಕೆ ಮೊದಲ ನಗರ ಘನತ್ಯಾಜ್ಯ ನಿಯಮ ಬಂದಿದ್ದು.

'ಜನ ಎಸೆದ್ರೆ ನಾವೇನ್ ಮಾಡೋಣ', 'ಫಂಡ್ ಇಲ್ಲ', 'ಕಾಲುವೆ ಪಕ್ಕ ಮನೆ ತಗೊಂಡಿದ್ದು ನೀವೇ ಅಲ್ವಾ', ಈ ಮೂರು ಮಾತನ್ನ ನೀವು ಕೇಳೇ ಇರ್ತೀರ. 1980ರಲ್ಲೇ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿದೆ. ಮಧ್ಯಪ್ರದೇಶದ ರತ್ಲಾಂನಲ್ಲಿ ಒಂದು ಬಡಾವಣೆಯವರು ತೆರೆದ ಚರಂಡಿ, ಗಲೀಜು, ಆಲ್ಕೋಹಾಲ್ ಫ್ಯಾಕ್ಟರಿ ಹೊಲಸು ನೀರು ತಡೀಲಾಗದೆ ಮ್ಯಾಜಿಸ್ಟ್ರೇಟ್ ಹತ್ರ ಹೋದ್ರು. ಪುರಸಭೆ ವಾದ ಏನು ಗೊತ್ತಾ, ನಮ್ಮ ಹತ್ರ ದುಡ್ಡಿಲ್ಲ, ಅಲ್ಲಿ ಗಲೀಜಿದೆ ಅಂತ ಗೊತ್ತಿದ್ದೇ ಅವರು ಮನೆ ಮಾಡಿದ್ದು ಅಂತ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ತೀರ್ಪು ಎರಡನ್ನೂ ಒಪ್ಪಲಿಲ್ಲ, ನೈರ್ಮಲ್ಯ ಕೊಡೋದು ಪುರಸಭೆ ಇರೋದಕ್ಕೇ ಮೂಲ ಕಾರಣ, ಹಣ ಇಲ್ಲ ಅಂತ ಅದರಿಂದ ತಪ್ಪಿಸ್ಕೊಳ್ಳಕ್ಕಾಗಲ್ಲ ಅಂತ ಹೇಳಿ ಗಡುವು ಹಾಕಿ ಕೆಲಸ ಮಾಡಿಸ್ತು. ಆ ಕೇಸಲ್ಲಿ ಬಳಸಿದ್ದು ಸಾರ್ವಜನಿಕ ತೊಂದರೆ ತೆಗೆಸೋಕೆ ಮ್ಯಾಜಿಸ್ಟ್ರೇಟ್‌ಗೆ ಅಧಿಕಾರ ಕೊಡೋ, ಹಳೇ ಅಪರಾಧ ಪ್ರಕ್ರಿಯಾ ಸಂಹಿತೆ ಅಂದ್ರೆ ಸಿಆರ್‌ಪಿಸಿ 133ನೇ ಸೆಕ್ಷನ್, ಈಗ ಅದು ಹೊಸ ನಾಗರಿಕ ಸುರಕ್ಷಾ ಸಂಹಿತೆ, ಅಂದ್ರೆ ಬಿಎನ್‌ಎಸ್‌ಎಸ್ 152 ಆಗಿದೆ, ಇವತ್ತಿಗೂ ಬಳಸಬಹುದು.

ಕಾನೂನು ಇಷ್ಟು ಸ್ಪಷ್ಟ ಇದ್ರೂ ನಿಮ್ಮ ಸೇತುವೆ ಕೆಳಗೆ ಗುಡ್ಡೆ ಬೀಳ್ತಾನೇ ಇದೆ ಅಂದ್ರೆ ಅದಕ್ಕೆ ಕಾರಣ ಕಸ ಎಲ್ಲಿಂದ ಕಾಲುವೆಗೆ ಬರುತ್ತೆ ಅನ್ನೋದನ್ನೇ ನಾವು ತಪ್ಪಾಗಿ ನೋಡ್ತಿರೋದು. ಎಲ್ಲರ ಕಣ್ಣಿಗೆ ಬೀಳೋದು ರಾತ್ರಿ ಹೊತ್ತು ಸ್ಕೂಟರ್ ನಿಲ್ಲಿಸಿ ಸೇತುವೆ ಮೇಲಿಂದ ಕವರ್ ಎಸೆಯೋನು, ಇಲ್ಲ ಕೋಳಿ ಅಂಗಡಿ ಚೀಲ ತಂದು ಸುರಿಯೋನು. ಅವರು ಇದ್ದಾರೆ, ಇಲ್ಲ ಅನ್ನಲ್ಲ, ಅವರನ್ನ ತಡೆಯೋಕೆ ಸೇತುವೆ ಅಕ್ಕಪಕ್ಕ ಎತ್ತರಕ್ಕೆ ಜಾಲರಿ ಹಾಕಿಸಿದ್ದೂ ಆಯ್ತು. ಆದ್ರೆ ಮಳೆ ಬಂದಾಗ ತೇಲಿ ಬರೋ ಮಾಲಲ್ಲಿ ಬಹಳಷ್ಟು ಯಾರೂ ಕಾಲುವೆಗೆ ಎಸೆದಿದ್ದೇ ಅಲ್ಲ. ಅದು ರಸ್ತೆದು.

ಬೆಳಿಗ್ಗೆ ಆರೂವರೆಗೆ ಯಾವುದಾದ್ರೂ ಮಾರ್ಕೆಟ್ ರಸ್ತೇಲಿ ನಿಂತು ನೋಡಿ. ಪೌರಕಾರ್ಮಿಕ ಅಕ್ಕ ರಸ್ತೆ ಅಂಚನ್ನ ಉದ್ದಕ್ಕೂ ಗುಡಿಸ್ಕೊಂಡು ಬಂದು ಮಣ್ಣು, ಎಲೆ, ಗುಟ್ಕಾ ಪ್ಯಾಕೆಟ್ಟು, ಟೀ ಕಪ್ಪು ಎಲ್ಲಾ ಸೇರಿಸಿ ಚಿಕ್ಕ ಚಿಕ್ಕ ಗುಡ್ಡೆ ಮಾಡ್ತಾರೆ. ಅದನ್ನ ಎತ್ತೋಕೆ ಗಾಡಿ ಬರಬೇಕು. ಮನೆ ಕಸ ತಗೊಳ್ಳೋ ಆಟೋ ಟಿಪ್ಪರ್ ಈ ಮಣ್ಣು ಮಿಶ್ರಿತ ಕಸ ತಗೊಳ್ಳಲ್ಲ, ಅದಕ್ಕೆ ಬೇರೆ ಗಾಡಿ, ಅದು ಬರೋದು ಮಧ್ಯಾಹ್ನ ಆಗಬಹುದು, ನಾಳೆ ಆಗಬಹುದು. ಅಷ್ಟರಲ್ಲಿ ಬಸ್ಸು ಹೋಗುತ್ತೆ, ಗಾಳಿ ಬೀಸುತ್ತೆ, ಗುಡ್ಡೆ ಅರ್ಧ ವಾಪಸ್ ರಸ್ತೆಗೆ. ಗುಡ್ಡೆ ಪಕ್ಕದಲ್ಲೇ ಫುಟ್‌ಪಾತ್ ಕಲ್ಲಿನ ಕೆಳಗೆ ಒಂದು ತೂತು ಇರುತ್ತೆ, ಮಳೆ ನೀರು ಶೋಲ್ಡರ್ ಡ್ರೈನ್‌ಗೆ ಇಳಿಯೋ ಜಾಗ ಅದು, ಜಾಲರಿ ಇದ್ರೆ ಕಿತ್ತು ಹೋಗಿರುತ್ತೆ, ಬಹಳ ಕಡೆ ಇರೋದೇ ಇಲ್ಲ. ಸಾಯಂಕಾಲ ನಾಲ್ಕು ಹನಿ ಜೋರಾಗಿ ಬಿದ್ರೆ ಮುಗೀತು, ಇಡೀ ಗುಡ್ಡೆ ಆ ತೂತಿನೊಳಗೆ. ಆ ಅಕ್ಕನ ಮೇಲೆ ತಪ್ಪು ಹೊರಿಸೋರನ್ನ ಕಂಡ್ರೆ ನನಗೆ ನಿಜಕ್ಕೂ ಸಿಟ್ಟು ಬರುತ್ತೆ, ಅವರು ತಮ್ಮ ಕೆಲಸ ಮಾಡಿ ಆಗಿತ್ತು, ಎತ್ತೋ ಗಾಡಿ ಕಳಿಸದೇ ಇದ್ದದ್ದು ವ್ಯವಸ್ಥೆ, ತೂತಿಗೆ ಜಾಲರಿ ಹಾಕಿಸದೇ ಇದ್ದದ್ದೂ ವ್ಯವಸ್ಥೆ.

ಇನ್ನು ಬೇಸಿಗೆ ಪೂರ್ತಿ ರಸ್ತೆ ಅಂಚಲ್ಲಿ, ಖಾಲಿ ಸೈಟಲ್ಲಿ, ಚರಂಡಿ ತಳದಲ್ಲಿ ಕೂತಿರೋ ಮಾಲು ಏಪ್ರಿಲ್-ಮೇ ತಿಂಗಳ ಮೊದಲ ಒಂದೆರಡು ಜೋರು ಮಳೆಗೆ ಒಟ್ಟಿಗೆ ಹೊರಡುತ್ತೆ. ಶೋಲ್ಡರ್ ಡ್ರೈನಿಂದ ಸಣ್ಣ ಕಾಲುವೆ, ಅಲ್ಲಿಂದ ರಾಜಕಾಲುವೆ. ದಾರೀಲಿ ಏನಾದ್ರೂ ಅಡ್ಡ ಸಿಗಬೇಕು ನೋಡಿ, ಒಂದು ನೀರಿನ ಪೈಪು, ಒಂದು ಇಂಟರ್‌ನೆಟ್ ಕೇಬಲ್ ಜೋತು ಬಿದ್ದಿದ್ರೂ ಸಾಕು, ಮೊದಲ ಕವರ್ ಅದಕ್ಕೆ ಸುತ್ಕೊಳ್ಳುತ್ತೆ, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಎಳನೀರು ಬುರುಡೆ, ಹಳೇ ಹಾಸಿಗೆ. ಸೇತುವೆ ಕೆಳಗೇ ಗುಡ್ಡೆ ಯಾಕೆ ಅಂದ್ರೆ ಪೈಪು ಕೇಬಲ್ಲು ದಾಟೋದು ಅಲ್ಲೇ, ಕಾಲುವೆ ಅಗಲ ಕಡಿಮೆ ಆಗೋದೂ ಅಲ್ಲೇ. ನಿಮ್ಮ ಸೇತುವೆ ಕೆಳಗೆ ಬಗ್ಗಿ ನೋಡಿ, ಏನಾದ್ರೂ ಅಡ್ಡ ಹೋಗಿದ್ರೆ ಅದರ ಫೋಟೋ ಬೇಕಾಗುತ್ತೆ.

ಬೆಂಗಳೂರಿಗೆ ಇದು ಬೇರೆ ಊರಿಗಿಂತ ಹೆಚ್ಚು ಮುಖ್ಯ, ಯಾಕಂದ್ರೆ ನಮ್ಮೂರು ದಿಬ್ಬದ ಮೇಲಿದೆ, ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲೆ, ದೊಡ್ಡ ನದಿ ಇಲ್ಲ, ನೀರೆಲ್ಲಾ ನಮ್ಮಿಂದಲೇ ಶುರುವಾಗಿ ಕೆಳಗೆ ಹೋಗೋದು. ಕೋರಮಂಗಲ-ಚಲ್ಲಘಟ್ಟ ಕಣಿವೆ ನೀರು ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿ ಸೇರಿ ತಮಿಳುನಾಡಿಗೆ ಹೋಗುತ್ತೆ, ಹೊಸೂರು ಹತ್ರ ಕೆಲವರಪಳ್ಳಿ ಡ್ಯಾಮಲ್ಲಿ ನೊರೆ ಏಳುತ್ತಲ್ಲ, ಅದು ನಮ್ಮ ಕೊಡುಗೆ. ಬಸವನಗುಡಿ ಕಡೆ ಹುಟ್ಟೋ ವೃಷಭಾವತಿ ಮೈಸೂರು ರಸ್ತೆ ಪಕ್ಕದಲ್ಲೇ ಹರಿದು ಬಿಡದಿ ಹತ್ರ ಬೈರಮಂಗಲ ಕೆರೆಗೆ ಹೋಗಿ, ಆಮೇಲೆ ಅರ್ಕಾವತಿ ಸೇರಿ ಕಾವೇರಿಗೆ. ಅಂದ್ರೆ ಕಾವೇರಿ ನೀರನ್ನ ಮೇಲಕ್ಕೆ ಪಂಪ್ ಮಾಡಿ ಕುಡಿದು, ಮೈಸೂರು ರಸ್ತೆ ಕಸ ಸೇರಿಸಿ ಕೆಳಗಿನ ರೈತರಿಗೆ ಕಳಿಸ್ತಿದೀವಿ. ಮೊದಲು ಈ ಕಾಲುವೆಗಳು ಒಂದು ಕೆರೆ ಕೋಡಿ ಬಿದ್ದ ನೀರನ್ನ ಇನ್ನೊಂದು ಕೆರೆಗೆ ಒಯ್ಯೋಕೆ ಇದ್ದವು. ಈಗ ಕೊನೇ ಕೆರೆಯೇ ಕಸದ ತೊಟ್ಟಿ. ಬೆಳ್ಳಂದೂರು ಕೆರೇಲಿ 2015, 2017, 2018ರಲ್ಲಿ ಬೆಂಕಿ ಬಿದ್ದಿದ್ದು ಎಲ್ಲರಿಗೂ ನೆನಪಿರಬೇಕು. ಅದಾದ ಮೇಲೆ 2018ರ ಡಿಸೆಂಬರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಅಂದ್ರೆ ಎನ್‌ಜಿಟಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಬಿಬಿಎಂಪಿಗೆ 25 ಕೋಟಿ ದಂಡ ಹಾಕಿ, ಕೆರೆ ಸರಿ ಮಾಡೋಕೆ ಅಂತ 500 ಕೋಟಿಯನ್ನ ಅದೇ ಕೆಲಸಕ್ಕೆ ಮೀಸಲಾದ ಎಸ್ಕ್ರೋ ಖಾತೆಲಿ ಇಡಿ ಅಂತು. ದಂಡ ಬಿದ್ದಿದ್ದು ಯಾರಿಗೆ ಅಂತ ಗಮನಿಸಿ. ಕೆರೆಗೆ ಕಸ, ಕೊಳಚೆ ಬಿಟ್ಟ ಜನ ಲಕ್ಷಗಟ್ಟಲೆ ಇದ್ದಾರೆ, ಆದ್ರೆ ಕಟಕಟೆಲಿ ನಿಂತಿದ್ದು ಆಡಳಿತ.

ಈಗ ನನ್ನ ಮುಖ್ಯ ಮಾತಿಗೆ ಬರ್ತೀನಿ. ನಮ್ಮಲ್ಲಿ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಇಷ್ಟು ಕಿಲೋಮೀಟರ್ ಹೂಳು ತೆಗೆದ್ವಿ, ಇಷ್ಟು ಲೋಡ್ ಎತ್ತಿದ್ವಿ ಅಂತ ಲೆಕ್ಕ ಕೊಡ್ತಾರೆ. ಎತ್ತಿದ್ದರ ಲೆಕ್ಕ ಬೇಡ, ನೀರಲ್ಲಿ ಎಷ್ಟು ಉಳೀತು ಅದರ ಲೆಕ್ಕ ಕೊಡಿ ಅಂತ ನಾವು ಕೇಳಬೇಕು. ಈ ವ್ಯತ್ಯಾಸ ದೊಡ್ಡದು. ಅಮೆರಿಕದ ವಾಷಿಂಗ್ಟನ್ ಡಿಸಿಲಿ ಹರಿಯೋ ಅನಕೋಸ್ಟಿಯಾ ನದಿಗೆ 2010ರಲ್ಲಿ ಕಸದ ಮಿತಿ ಅಂತ ಒಂದು ಆದೇಶ ಮಾಡಿದ್ರು. ಅದರಲ್ಲಿ ವರ್ಷಕ್ಕೆ ಇಷ್ಟು ತೂಕದ ಕಸ ತೆಗೀಬೇಕು, ಇಲ್ಲ ತಡೀಬೇಕು ಅಂತ ಬರೆದಿದ್ರು. ಪರಿಸರ ಸಂಘಟನೆ ಕೋರ್ಟಿಗೆ ಹೋಯ್ತು, 2018ರಲ್ಲಿ ಕೋರ್ಟ್ ಹೇಳಿದ್ದು, ಕಾನೂನು ಕೇಳೋದು ನದಿಗೆ ಹೆಚ್ಚಂದ್ರೆ ಎಷ್ಟು ಸೇರಬಹುದು ಅನ್ನೋದನ್ನ, ಕಡಿಮೆ ಅಂದ್ರೆ ಎಷ್ಟು ತೆಗೀತೀರ ಅನ್ನೋದನ್ನಲ್ಲ, ಆದೇಶ ಮತ್ತೆ ಬರೀರಿ ಅಂತ. ತೆಗೆದಿದ್ದರ ಲೆಕ್ಕ ಇಟ್ಕೊಂಡ್ರೆ ಕಸ ಹೆಚ್ಚು ಬಂದಷ್ಟೂ ಸಾಧನೆ ಹೆಚ್ಚು ಕಾಣುತ್ತೆ, ಬಿಲ್ಲೂ ಹೆಚ್ಚಾಗುತ್ತೆ. ನಮ್ಮ ಹೂಳೆತ್ತೋ ಲೆಕ್ಕದ ರೋಗಾನೂ ಇದೇ.

ಲಾಸ್ ಏಂಜಲಿಸ್ ಇನ್ನೂ ಮುಂದೆ ಹೋಯ್ತು. ಅಲ್ಲಿನ ನದಿ ಅಂದ್ರೆ ಕಾಂಕ್ರೀಟ್ ಹಾಕಿದ ದೊಡ್ಡ ಕಾಲುವೆ, ಥೇಟ್ ನಮ್ಮ ರಾಜಕಾಲುವೆ ಥರ, ಉದ್ದ ಸುಮಾರು 82 ಕಿ.ಮೀ. ದಾರೀಲಿ ಹತ್ತಾರು ನಗರಸಭೆಗಳ ಕಸ ಸೇರಿ ಕೊನೇಲಿರೋ ಲಾಂಗ್ ಬೀಚ್ ಕಡಲ ದಂಡೆಗೆ ಬಂದು ಬೀಳ್ತಿತ್ತು. 2001ರಲ್ಲಿ ಅಲ್ಲಿನ ನೀರಿನ ಗುಣಮಟ್ಟ ನೋಡ್ಕೊಳ್ಳೋ ಮಂಡಳಿ ನದಿಗೆ ಬೀಳೋ ಕಸದ ಗುರಿ ಸೊನ್ನೆ ಅಂತ ನಿಗದಿ ಮಾಡ್ತು, ಪ್ರತಿ ನಗರಸಭೆಗೂ ಅದರ ಪಾಲು ಹಂಚಿ, ಹಂತ ಹಂತವಾಗಿ ಇಳಿಸಿ ಅಂತು. ಸೊನ್ನೆ ಹೇಗೆ ಸಾಧ್ಯ ಅಂತ ಒಂದಷ್ಟು ನಗರಗಳು ಕೇಸ್ ಹಾಕಿದ್ವು. 2006ರಲ್ಲಿ ಮೇಲ್ಮನವಿ ಕೋರ್ಟ್ ಪರಿಸರ ಪರಿಶೀಲನೆ ಸರಿಯಾಗಿ ಮಾಡಿಲ್ಲ ಅಂತ ಆದೇಶ ವಾಪಸ್ ಕಳಿಸ್ತು, ಆದ್ರೆ ಸೊನ್ನೆ ಗುರಿ ತಪ್ಪು ಅನ್ನಲಿಲ್ಲ, ಮಂಡಳಿ 2007ರಲ್ಲಿ ಪರಿಶೀಲನೆ ಮುಗಿಸಿ ಅದನ್ನೇ ಮತ್ತೆ ತಂತು. 'ಜನ ಎಸೀತಾರೆ' ಅನ್ನೋ ಮಾತು ಅಲ್ಲಿ ಯಾವ ಲೆಕ್ಕಕ್ಕೂ ಬರಲಿಲ್ಲ, ನಿಮ್ಮ ಪೈಪಿಂದ ಹೊರಗೆ ಬಂದ ಕಸ ನಿಮ್ಮದು, ಅಷ್ಟೆ.

ಅವರು ಮಾಡಿದ ಕೆಲಸ ನದೀಲಿ ಅಲ್ಲ, ಬೀದೀಲಿ. ರಸ್ತೆ ಅಂಚಿನ ಆ ತೂತುಗಳಿಗೆ ತೂತುಬಿದ್ದ ಸ್ಟೀಲ್ ತಗಡಿನ ಬಾಗಿಲು ಕೂರಿಸಿದ್ರು, ಸಣ್ಣ ನೀರು ಹರಿವಾಗ ಮುಚ್ಚಿರುತ್ತೆ, ಕಸ ರಸ್ತೆ ಮೇಲೇ ಉಳಿದು ಗುಡಿಸೋ ಗಾಡಿಗೆ ಸಿಗುತ್ತೆ, ನೀರು ಜೋರಾದ್ರೆ ತಾನಾಗೇ ತೆಗ್ಕೊಳ್ಳುತ್ತೆ. ಒಳಗೆ ಚೇಂಬರ್‌ನಲ್ಲಿ ಪೈಪ್ ಬಾಯಿಗೆ ಇನ್ನೊಂದು ಜಾಲರಿ, 5 ಮಿಲಿಮೀಟರ್‌ಗಿಂತ ದೊಡ್ಡದು ಏನೂ ದಾಟಬಾರದು, ಆದ್ರೆ ಜಾಲರಿ ಮೇಲ್ಗಡೆ ನೀರು ಉಕ್ಕಿ ಹೋಗೋಕೆ ಜಾಗ ಬಿಟ್ಟಿರ್ತಾರೆ, ಜಾಲರಿ ಕಟ್ಕೊಂಡ್ರೂ ರಸ್ತೆ ಮುಳುಗಲ್ಲ. ವರ್ಷಕ್ಕೊಮ್ಮೆ ಬರಬಹುದಾದ ಒಂದು ಗಂಟೆ ಜೋರು ಮಳೆಯನ್ನ ಅಳತೆಗೆ ಇಟ್ಕೊಂಡು ಡಿಸೈನ್ ಮಾಡಬೇಕು ಅನ್ನೋ ನಿಯಮ. ದುಡ್ಡಿಗೆ? 2004ರಲ್ಲಿ ಊರಿನ ಜನ ವೋಟ್ ಹಾಕಿ ನೀರು ಶುದ್ಧ ಮಾಡೋ ಕೆಲಸಕ್ಕೆ 50 ಕೋಟಿ ಡಾಲರ್ ಬಾಂಡ್‌ಗೆ ಒಪ್ಪಿಗೆ ಕೊಟ್ರು. ಈ ತಗಡು, ಈ ಜಾಲರಿ ನಮ್ಮ ಪೀಣ್ಯದ ಯಾವ ಫ್ಯಾಬ್ರಿಕೇಶನ್ ಶೆಡ್ಡಲ್ಲಾದ್ರೂ ಮಾಡಿಸಬಹುದಾದ ಸಾಮಾನು. ಕಷ್ಟ ಇರೋದು ವಾರವಾರ ಅದನ್ನ ತೆಗೆದು ಕ್ಲೀನ್ ಮಾಡೋ ಆಳು, ಗಾಡಿ, ಲಾಗ್‌ಬುಕ್ ಇಡೋದ್ರಲ್ಲಿ. ನಮ್ಮಲ್ಲಿ ಜಾಲರಿ ಹಾಕೋಕೆ ಟೆಂಡರ್ ಆಗುತ್ತೆ, ಕ್ಲೀನ್ ಮಾಡೋಕೆ ಆಗಲ್ಲ. ನಮ್ಮೂರಿನ ಶೋಲ್ಡರ್ ಡ್ರೈನ್ ಸ್ಲ್ಯಾಬ್‌ಗಳನ್ನ ಎತ್ತೋಕೆ ನಾಲ್ಕು ಜನ ಬೇಕು, ಇನ್ನು ವಾರವಾರ ಒಳಗೆ ನೋಡೋರು ಯಾರು. ಮಾರ್ಕೆಟ್, ಬಸ್ ಸ್ಟಾಂಡ್, ತಿಂಡಿ ಬೀದಿ ಇರೋ ಕಡೆ ಮೊದಲು ಹಾಕಿ, ಅಲ್ಲಿ ಕೈಯಲ್ಲಿ ತೆಗೆಯೋ ಥರದ ಹಗುರ ಮುಚ್ಚಳ ಇಡಿ, ಉಳಿದ ಕಡೆ ಆಮೇಲೆ ನೋಡೋಣ ಅಂತ ನಾನು ಹೇಳ್ತೀನಿ.

ಈಗ ನಿಮ್ಮ ಬಲೆ ವಿಷಯ. ರಾಜಕಾಲುವೆಗೆ ಅಡ್ಡಡ್ಡ ನೇರವಾಗಿ ಬಲೆ ನಿಲ್ಲಿಸಿದ್ರೆ ಮೊದಲ ಮಳೇಲೇ ಕವರ್‌ಗಳು ಬಂದು ಒಂದರ ಮೇಲೊಂದು ಅಂಟ್ಕೊಂಡು ಪೂರ್ತಿ ಮುಚ್ಚಿಬಿಡುತ್ತೆ, ಆಮೇಲೆ ಅದು ಬಲೆ ಅಲ್ಲ, ಒಡ್ಡು. ಹಿಂದೆ ನೀರು ಏರುತ್ತೆ, ಏರಿದ ನೀರು ನಿಮ್ಮ ಬೇಸ್‌ಮೆಂಟಿಗೋ, ಮೇಲ್ಗಡೆ ತಗ್ಗಲ್ಲಿರೋ ಶೀಟ್ ಮನೆಗಳಿಗೋ ನುಗ್ಗುತ್ತೆ. 2022ರ ಸೆಪ್ಟೆಂಬರ್‌ನಲ್ಲಿ ಔಟರ್ ರಿಂಗ್ ರೋಡು, ಯಮಲೂರು ಕಡೆ ಜನ ಟ್ರ್ಯಾಕ್ಟರ್ ಹತ್ತಿ ಹೊರಗೆ ಬಂದಿದ್ದು ನೋಡಿದೀರಿ, ಅದಕ್ಕೆ ದೊಡ್ಡ ಕಾರಣ ಒತ್ತುವರಿ ಮತ್ತೆ ಅಸಾಧ್ಯ ಮಳೆ, ಆದ್ರೆ ಕಟ್ಕೊಂಡ ಮೋರಿ ಅಂಥ ಹೊತ್ತಲ್ಲಿ ಏನು ಮಾಡುತ್ತೆ ಅಂತ ಬೇರೆ ಹೇಳಬೇಕಿಲ್ಲ. ಕಾನೂನಲ್ಲೂ ಸಿಕ್ಕಾಕ್ಕೊಳ್ತೀರ, 1974ರ ಜಲ ಕಾಯ್ದೆ 24ನೇ ಸೆಕ್ಷನ್ ಪ್ರಕಾರ ಹರಿವಿಗೆ ಅಡ್ಡಿ ಆಗಿ ಮಾಲಿನ್ಯ ಹೆಚ್ಚಿಸೋ ಏನನ್ನೂ ಗೊತ್ತಿದ್ದೂ ಹಾಕೋ ಹಾಗಿಲ್ಲ. ಕಾಲುವೆಲೇ ತಡೀಬೇಕು ಅಂದ್ರೆ ಸರಿಯಾದ ವಿಧಾನ ತೇಲುವ ತಡೆ, ಹರಿವಿಗೆ ಓರೆಯಾಗಿ ಕಟ್ಟಿರ್ತಾರೆ, ನೀರಿನ ಜೊತೆ ಏರಿ ಇಳಿಯುತ್ತೆ, ತೇಲೋ ಕಸವನ್ನ ಒಂದು ದಡಕ್ಕೆ ಸರಿಸುತ್ತೆ, ದಡದಲ್ಲಿ ಜೆಸಿಬಿ ಇಳಿಯೋ ಜಾಗ ಇರಬೇಕು. ಚೆನ್ನೈನ ಕೂವಂ ನದೀಲಿ ಹಾಕಿದ್ದಾರೆ. ಇದನ್ನ ಹಾಕಬೇಕಾದ್ದು ರಾಜಕಾಲುವೆ ನೋಡ್ಕೊಳ್ಳೋ ಬೃಹತ್ ನೀರುಗಾಲುವೆ ವಿಭಾಗ, ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಅಲ್ಲ.

ಇನ್ನೊಂದು ಮಾತು, ಕೈ ಮುಗಿದು ಹೇಳ್ತೀನಿ. 'ನಾವೇ ಯಾರನ್ನಾದ್ರೂ ಕರೆಸಿ ದುಡ್ಡು ಕೊಟ್ಟು ಇಳಿಸಿ ಕ್ಲೀನ್ ಮಾಡಿಸ್ತೀವಿ' ಅಂತ ಹೊರಡಬೇಡಿ. ರಾಜಕಾಲುವೆಲಿ ಬೇಸಿಗೇಲಿ ಹರಿಯೋದು ಮಳೆ ನೀರಲ್ಲ, ಕಕ್ಕಸಿನ ನೀರು. ಅದರಲ್ಲಿ ಒಡೆದ ಗಾಜು, ಸಿರಿಂಜು ಇರುತ್ತೆ, ಸ್ಲ್ಯಾಬ್ ಮುಚ್ಚಿದ ಕಡೆ ವಿಷಗಾಳಿ ಇರುತ್ತೆ. ಮಲ ಹೊರೋ ಪದ್ಧತಿ ನಿಷೇಧದ 2013ರ ಕಾಯ್ದೆ ಇರೋದೇ ಇಂಥ ಗುಂಡಿಗೆ ಮನುಷ್ಯರನ್ನ ಇಳಿಸಬಾರದು ಅಂತ. ಬಡವರ ಮನೆ ಹುಡುಗರನ್ನ ಐನೂರು ರೂಪಾಯಿಗೆ ಇಳಿಸಿ ನಮ್ಮ ಸೇತುವೆ ಚೊಕ್ಕ ಮಾಡ್ಕೊಳ್ಳೋದು ಬೇಡ.

ಹಾಗಾದ್ರೆ ಏನು ಮಾಡಬೇಕು ಅಂದ್ರೆ, ಮಳೆ ನಿಂತ ಮಾರನೇ ದಿನ ಗುಡ್ಡೆ ಫೋಟೋ ತೆಗೀರಿ, ತಾರೀಖು ಜಾಗ ಎರಡೂ ಬರೋ ಹಾಗೆ. ಆಮೇಲೆ ಮೇಲ್ಗಡೆಗೆ ನಡ್ಕೊಂಡು ಹೋಗಿ, ನಿಮ್ಮ ಕಾಲುವೆಗೆ ಸೇರೋ ಶೋಲ್ಡರ್ ಡ್ರೈನ್‌ಗಳಲ್ಲಿ ಯಾವುದರ ಬಾಯಲ್ಲಿ ಹೆಚ್ಚು ಕಸ ಸಿಕ್ಕಿದೆ ನೋಡಿ ಅದರ ಫೋಟೋನೂ ತೆಗೀರಿ, ಅದೇ ನಿಮ್ಮ ಕೇಸಿನ ಜೀವ, ಯಾಕಂದ್ರೆ ಆಗ ಯಾವ ರಸ್ತೆ ಕಸ ಎತ್ತಿಲ್ಲ ಅಂತ ಬೆರಳಿಟ್ಟು ತೋರಿಸಬಹುದು. ಕಂಪ್ಲೇಂಟ್ ಎರಡೂ ವಿಭಾಗಕ್ಕೆ ಪ್ರತ್ಯೇಕ ಕೊಡಬೇಡಿ, ಕಾರ್ಪೊರೇಷನ್ ಕಮಿಷನರ್‌ಗೆ ಒಂದೇ ಪತ್ರ ಬರೆದು ಇಬ್ಬರಿಗೂ ಪ್ರತಿ ಕಳಿಸಿ. ಆರ್‌ಟಿಐ ಹಾಕಿ ಆ ಕಾಲುವೆ ಭಾಗದ ನಿರ್ವಹಣೆ ಕಂಟ್ರಾಕ್ಟ್ ಯಾರದ್ದು, ಕ್ಲೀನಿಂಗ್ ಷೆಡ್ಯೂಲ್ ಏನು, ಕಂಟ್ರಾಕ್ಟರ್ ಮಾಡಿದ ಕೆಲಸ ಅಳೆದು ಬರೆಯೋ ಅಳತೆ ಪುಸ್ತಕದ ಪುಟಗಳ ನಕಲು ಕೊಡಿ ಅಂತ ಕೇಳಿ. ಅಳತೆ ಪುಸ್ತಕದ ತಾರೀಖಿಗೂ ನಿಮ್ಮ ಫೋಟೋ ತಾರೀಖಿಗೂ ತಾಳೆ ಹಾಕಿದ್ರೆ ಬಹಳ ಸಲ ಉತ್ತರ ಅಲ್ಲೇ ಸಿಗುತ್ತೆ. ಆಗಲೂ ಜಗ್ಗದಿದ್ರೆ ಬಿಎನ್‌ಎಸ್‌ಎಸ್ 152ರ ಕೆಳಗೆ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್‌ಗೆ ಅರ್ಜಿ, ಇಲ್ಲ ಚೆನ್ನೈನಲ್ಲಿರೋ ಎನ್‌ಜಿಟಿ ದಕ್ಷಿಣ ಪೀಠ.

2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಕಾರ್ಪೊರೇಷನ್ ಆಗಿದೆ. ನನಗಿರೋ ಆತಂಕ ಏನಂದ್ರೆ, ಇಷ್ಟು ದಿನ ಎರಡು ವಿಭಾಗ ಪರಸ್ಪರ ಕೈ ತೋರಿಸ್ತಿದ್ದವು, ಇನ್ಮೇಲೆ 'ಇದು ಮೇಲಿನ ಕಾರ್ಪೊರೇಷನ್‌ನಿಂದ ಹರಿದು ಬಂದ ಕಸ' ಅಂತ ಹೊಸ ನೆಪ ಸೇರ್ಕೊಳ್ಳುತ್ತೆ. ಲಾಂಗ್ ಬೀಚ್‌ನವರು ಅನುಭವಿಸಿದ್ದು ಇದನ್ನೇ. ಗಡೀಲಿ, ಅಂದ್ರೆ ಕಾಲುವೆ ಒಂದು ಕಾರ್ಪೊರೇಷನ್‌ನಿಂದ ಇನ್ನೊಂದಕ್ಕೆ ದಾಟೋ ಜಾಗದಲ್ಲಿ ತೇಲುವ ತಡೆ ಹಾಕಿ ಬಂದ ಕಸ ತೂಗಿ ಬರೆದಿಡಿ ಅಂತ ಈಗಲೇ ಒತ್ತಾಯ ಮಾಡಬೇಕು, ವ್ಯವಸ್ಥೆ ಇನ್ನೂ ಹೊಸದಾಗಿರುವಾಗ.

ಜನರ ಪಾಲೇನೂ ಇಲ್ವಾ ಅಂತ ಕೇಳಬಹುದು. ಇದೆ. ಆದ್ರೆ ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಹೋಗೋ ಮನೆಗೆ ಹತ್ತು ಗಂಟೆಗೆ ಟಿಪ್ಪರ್ ಕಳಿಸಿ, ಪಿಜಿಗಳಿಗೆ, ರಾತ್ರಿ ಹನ್ನೊಂದಕ್ಕೆ ಬಾಗಿಲು ಹಾಕೋ ತಳ್ಳುಗಾಡಿಯವರಿಗೆ ಕಸ ಕೊಡೋಕೆ ಒಂದು ಜಾಗಾನೂ ಕೊಡದೆ ದಂಡ ಹಾಕ್ತಾ ಹೋದ್ರೆ ಕವರ್ ಸೇತುವೆ ಮೇಲಿಂದಲೇ ಬೀಳೋದು. ಮೊದಲು ಕೊಡೋಕೆ ದಾರಿ, ಆಮೇಲೆ ದಂಡ.

ನಿಮ್ಮ ಕೈಲಿ ಇವತ್ತೇ ಆಗೋ ಕೆಲಸ ಒಂದಿದೆ. ಅಪಾರ್ಟ್‌ಮೆಂಟ್ ಮಳೆ ನೀರು ಶೋಲ್ಡರ್ ಡ್ರೈನ್‌ಗೋ ಕಾಲುವೆಗೋ ಸೇರೋ ಕೊನೇ ಚೇಂಬರ್ ತೆಗೆಸಿ ನೋಡಿ. ಪೈಪ್ ಬಾಯಿಗೆ ಒಂದು ಸ್ಟೀಲ್ ಜಾಲರಿ ಹಾಕಿಸಿ, ಮೇಲ್ಗಡೆ ಒಂದು ಗೇಣು ಖಾಲಿ ಬಿಡಿ, ಮಾರ್ಚ್ ಕೊನೇಲಿ ಒಂದು ಸಲ, ಮಳೆ ಶುರುವಾದ ಮೇಲೆ ವಾರಕ್ಕೊಂದು ಸಲ ಹೌಸ್‌ಕೀಪಿಂಗ್‌ನವರಿಗೆ ಗ್ಲೌಸ್ ಕೊಟ್ಟು ತೆಗೆಸಿ, ತೆಗೆದಿದ್ದನ್ನ ಒಣಕಸದ ಜೊತೆ ಕೊಡಿ. ಆಫೀಸಿಗೆ ಕೊಡೋ ಪತ್ರಕ್ಕೆ ಅದರ ಫೋಟೋನೂ ಲಗತ್ತಿಸಿ, 'ಮೊದಲು ನಿಮ್ಮ ಅಪಾರ್ಟ್‌ಮೆಂಟ್ ಸರಿ ಮಾಡ್ಕೊಳ್ಳಿ' ಅನ್ನೋಕೆ ಅವರಿಗೆ ಅವಕಾಶ ಇರಲ್ಲ.